ಶಾಲೆಯಲ್ಲಿ ಸಿನಿಮಾ ಇದೆ, ಸಿನಿಮಾ ಪಾಠವಿಲ್ಲ

ಶಾಲೆಗಳಿಗೆ ಸಿನಿಮಾ ಹೊಸದಲ್ಲ. ಮಹಾಯುದ್ಧದ ಪಾಠ ಮುಗಿಸಿದ ಇತಿಹಾಸ ಶಿಕ್ಷಕರು ಆ ಕಾಲದ ಕುರಿತ ಒಂದು ಚಿತ್ರ ತೋರಿಸುತ್ತಾರೆ. ಕಾದಂಬರಿ ಪಠ್ಯವಾಗಿದ್ದರೆ ಭಾಷಾ ಶಿಕ್ಷಕರು ಅದನ್ನು ಆಧರಿಸಿದ ಚಿತ್ರವನ್ನು ಹುಡುಕಿ ತರುತ್ತಾರೆ. ವಿಜ್ಞಾನದ ತರಗತಿಗೆ ಸಾಕ್ಷ್ಯಚಿತ್ರ. ರಜೆಗೆ ಮುಂಚಿನ ದಿನ ಮಕ್ಕಳು ಗಲಾಟೆ ಮಾಡದಿರಲೆಂದು ಇನ್ನೊಂದು. ಹೀಗೆ ಪ್ರೌಢಶಾಲೆ ಮುಗಿಸುವ ಹೊತ್ತಿಗೆ ವಿದ್ಯಾರ್ಥಿನಿಯೊಬ್ಬಳು ಶಾಲೆಯಲ್ಲೇ ಎಷ್ಟೋ ಚಿತ್ರಗಳನ್ನು ನೋಡಿರುತ್ತಾಳೆ. ಆದರೆ ಅವಳಿಗೆ ಎದುರಾದ ಪ್ರಶ್ನೆಗಳು ಎರಡೇ ಬಗೆಯವು: ಕಥೆ ಏನು, ನೀತಿ ಏನು. ಇಬ್ಬರು ಜಗಳವಾಡುವ ದೃಶ್ಯದಲ್ಲಿ ಕ್ಯಾಮೆರಾ ಕೋಣೆಯೊಳಗೆ ಹೋಗದೆ ಬಾಗಿಲ ಹೊರಗೇ ಏಕೆ ನಿಂತಿತು ಎಂದು ಅವಳನ್ನು ಯಾರೂ ಕೇಳಿಲ್ಲ.

ಸಿನಿಮಾವನ್ನು ಪ್ರೌಢಶಾಲೆಯಲ್ಲಿ ಒಂದು ಸ್ವತಂತ್ರ ವಿಷಯವಾಗಿ ಕಲಿಸಬೇಕೇ ಎಂಬ ಚರ್ಚೆ ಈಗ ಮತ್ತೆ ಬಿರುಸಾಗಿದೆ. ಕಾರಣ ಸ್ಪಷ್ಟ. ಹದಿಹರೆಯದವರು ಅಕ್ಷರಕ್ಕಿಂತ ಹೆಚ್ಚಾಗಿ ಚಲಿಸುವ ಚಿತ್ರಗಳ ಮೂಲಕವೇ ಜಗತ್ತನ್ನು ತಿಳಿಯುತ್ತಿದ್ದಾರೆ. ಕೈಯಲ್ಲಿರುವ ಮೊಬೈಲೇ ಕ್ಯಾಮೆರಾ, ಸಂಕಲನದ ಮೇಜು, ಚಿತ್ರಮಂದಿರ ಎಲ್ಲವೂ ಆಗಿದೆ. ಎಂದೂ ನಡೆಯದ ಘಟನೆಯ ವಿಡಿಯೊವನ್ನು ನಾಲ್ಕು ಸಾಲು ಬರೆದು ಯಂತ್ರದಿಂದ ಮಾಡಿಸಿಕೊಳ್ಳಬಹುದಾಗಿದೆ. ಇಂಥ ಹೊತ್ತಿನಲ್ಲಿ ಓದುಬರಹವನ್ನು ಹತ್ತು ವರ್ಷ ಕಲಿಸುವ ಶಾಲೆ, ನೋಡುವುದನ್ನು ಒಂದು ದಿನವೂ ಕಲಿಸದಿರುವುದು ಸರಿಯಲ್ಲ. ಕಲಿಸಲೇಬೇಕು ಎಂಬುದು ನನ್ನ ನಿಲುವು. ಆದರೆ ಹೇಗೆ ಕಲಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ತಪ್ಪಾಗಿ ಕಲಿಸಿದರೆ ಮಕ್ಕಳಿಗೆ ಸಹಜವಾಗಿ ಇರುವ ಪ್ರೀತಿಯೂ ಹೋಗುತ್ತದೆ, ತಿಳಿವಳಿಕೆಯೂ ಬರುವುದಿಲ್ಲ.

ಈ ಪ್ರಯೋಗ ಹಲವು ಕಡೆ ಆಗಲೇ ನಡೆದಿದೆ. ಬ್ರಿಟನ್ನಿನಲ್ಲಿ ಹದಿನಾರರ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಗೂ ಅದರ ನಂತರದ ಎ ಲೆವೆಲ್ ಪರೀಕ್ಷೆಗೂ ಸಿನಿಮಾ ಅಧ್ಯಯನ ಒಂದು ಐಚ್ಛಿಕ ವಿಷಯ. ಉತ್ತರ ಐರ್ಲೆಂಡಿನಲ್ಲಿ ‘ಮೂವಿಂಗ್ ಇಮೇಜ್ ಆರ್ಟ್ಸ್’ ಎಂಬ ಹೆಸರಿನಲ್ಲಿ ಚಿತ್ರ ತಯಾರಿಕೆಗೇ ಒತ್ತು ಕೊಡುವ ಪಠ್ಯಕ್ರಮವಿದೆ. ಅದರ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಕಂಪ್ಯೂಟರ್ ತೆರೆಯ ಮೇಲೆ ಚಿತ್ರದ ತುಣುಕುಗಳನ್ನು ನೋಡಿ ಉತ್ತರ ಬರೆಯುತ್ತಾರೆ. ಹಲವು ದೇಶಗಳ ಶಾಲೆಗಳು ಅನುಸರಿಸುವ ಅಂತರರಾಷ್ಟ್ರೀಯ ಬ್ಯಾಕಲೋರಿಯಟ್ ಡಿಪ್ಲೊಮಾದಲ್ಲೂ ಸಿನಿಮಾ ಒಂದು ವಿಷಯ. ಫ್ರಾನ್ಸ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಕೆಲವು ಶಾಲೆಗಳಲ್ಲಿ ಸಿನಿಮಾ ಐಚ್ಛಿಕ ವಿಷಯವಾಗಿರುವುದರ ಜೊತೆಗೆ, 1989ರಿಂದ ಒಂದು ರಾಷ್ಟ್ರೀಯ ಯೋಜನೆ ನಡೆಯುತ್ತಿದೆ. ಮಾಧ್ಯಮಿಕ ಶಾಲೆಯ ತರಗತಿಗಳು ಶಿಕ್ಷಕರೊಂದಿಗೆ ಚಿತ್ರಮಂದಿರಕ್ಕೇ ಹೋಗಿ, ಆಯ್ದ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ನೋಡಿ ಬಂದು, ತರಗತಿಯಲ್ಲಿ ಅದರ ಮೇಲೆ ಕೆಲಸ ಮಾಡುತ್ತವೆ. ಐರ್ಲೆಂಡಿನಲ್ಲಿ ಶಾಲಾಂತ್ಯ ಪರೀಕ್ಷೆಯ ಇಂಗ್ಲಿಷ್ ವಿಷಯದೊಳಗೇ, ಕಾದಂಬರಿ ನಾಟಕಗಳ ಪಕ್ಕದಲ್ಲಿ ಒಂದು ಚಿತ್ರವನ್ನಿಟ್ಟು ತೌಲನಿಕವಾಗಿ ಓದಲು ಅವಕಾಶವಿದೆ.

ಈ ಕೊನೆಯ ಮಾದರಿ ನೋಡಲು ಬಹಳ ಸುಲಭ. ಹೊಸ ಶಿಕ್ಷಕರು ಬೇಡ, ವೇಳಾಪಟ್ಟಿಯಲ್ಲಿ ಹೊಸ ಅವಧಿ ಬೇಡ. ಇದರ ಅಪಾಯವೂ ಆ ಸುಲಭದಲ್ಲೇ ಇದೆ. ಭಾಷಾ ತರಗತಿಯ ಅಭ್ಯಾಸಬಲ ದೊಡ್ಡದು: ಪಾತ್ರ, ವಸ್ತು, ಸಂದೇಶ ಎಂದು ಬರೆಯುತ್ತ ಹೋದರೆ ಉತ್ತರ ತಯಾರಾಗುತ್ತದೆ, ಆ ಉತ್ತರವನ್ನು ಚಿತ್ರಕಥೆಯ ಮುದ್ರಿತ ಪ್ರತಿ ಓದಿಯೇ ಬರೆದುಬಿಡಬಹುದು. ಚಿತ್ರ ನೋಡದೆಯೂ ಬರೆಯಬಹುದಾದ ಉತ್ತರಕ್ಕೆ ಪೂರ್ಣ ಅಂಕ ಸಿಗುತ್ತದೆ ಎಂದರೆ ಅಲ್ಲಿ ಸಿನಿಮಾದ ಪಾಠ ನಡೆದಿಲ್ಲ ಎಂದೇ ಅರ್ಥ.

ಸಿನಿಮಾ ಶಾಲೆಯೊಳಗೆ ಬರಬೇಕು ಎನ್ನುವವರಲ್ಲೂ ಎರಡು ಪಕ್ಷಗಳಿವೆ. ಒಂದು ಪಕ್ಷದ ವಾದ ರಕ್ಷಣೆಯದು. ಮಾಧ್ಯಮಗಳು ಮಕ್ಕಳ ಮನಸ್ಸನ್ನು ತಿರುಚುತ್ತವೆ, ಆದ್ದರಿಂದ ಅವುಗಳ ತಂತ್ರಗಳನ್ನು ಬಿಡಿಸಿ ತೋರಿಸಿ ಮಕ್ಕಳನ್ನು ಎಚ್ಚರಿಸಬೇಕು ಎಂಬುದು. 1982ರಲ್ಲಿ ಜರ್ಮನಿಯ ಗ್ರ್ಯೂನ್‌ವಾಲ್ಡ್‌ನಲ್ಲಿ ಯುನೆಸ್ಕೊ ಕರೆದ ಸಭೆಯಲ್ಲಿ 19 ದೇಶಗಳ ಪ್ರತಿನಿಧಿಗಳು ಮಾಧ್ಯಮ ಶಿಕ್ಷಣದ ಘೋಷಣೆಯೊಂದನ್ನು ಹೊರಡಿಸಿದರು. ಮಾಧ್ಯಮಗಳನ್ನು ಹೊಗಳುವುದು ಅಥವಾ ತೆಗಳುವುದನ್ನು ಬಿಟ್ಟು ಅವುಗಳ ಪ್ರಭಾವವನ್ನು ಒಪ್ಪಿಕೊಂಡು ಶಿಕ್ಷಣ ವ್ಯವಸ್ಥೆ ತನ್ನ ಹೊಣೆ ಹೊರಬೇಕು ಎಂಬುದು ಅದರ ತಿರುಳು. ಘೋಷಣೆ ಸಮತೋಲನದ್ದೇ ಆಗಿತ್ತು. ಆದರೆ ತರಗತಿಯಲ್ಲಿ ಅದು ಎಷ್ಟೋ ಕಡೆ ಅನುಮಾನದ ಪಾಠವಾಗಿ ಇಳಿಯಿತು. ಯಾವ ಚಿತ್ರ ಕಂಡರೂ ‘ಇದು ನಮ್ಮನ್ನು ಹೇಗೆ ಮೋಸಗೊಳಿಸುತ್ತಿದೆ’ ಎಂಬ ಪ್ರಶ್ನೆಯೊಂದನ್ನೇ ಹಿಡಿದು ಕೂರುವ ಅಭ್ಯಾಸ ಬೆಳೆಯಿತು.

ಇನ್ನೊಂದು ಪಕ್ಷ ಸಿನಿಮಾವನ್ನು ಮೊದಲು ಕಲೆಯೆಂದು ಕಾಣುತ್ತದೆ. 2000ರಲ್ಲಿ ಫ್ರಾನ್ಸಿನ ಶಿಕ್ಷಣ ಸಚಿವ ಜಾಕ್ ಲಾಂಗ್ ಅವರ ಕಲಾ ಶಿಕ್ಷಣ ಯೋಜನೆಯಲ್ಲಿ ಸಿನಿಮಾದ ಸಲಹೆಗಾರರಾಗಿದ್ದ ವಿಮರ್ಶಕ, ನಿರ್ದೇಶಕ ಅಲೆನ್ ಬರ್ಗಾಲಾ ಈ ವಾದವನ್ನು ಗಟ್ಟಿಯಾಗಿ ಮಂಡಿಸಿದವರು. ಮುಗಿದ ಚಿತ್ರವನ್ನು ಶವಪರೀಕ್ಷೆ ಮಾಡಿದಂತೆ ಬಿಡಿಸುವುದರ ಬದಲು, ನಿರ್ದೇಶಕ ಇನ್ನೂ ನಿರ್ಧಾರ ಮಾಡಿರದ ಕ್ಷಣಕ್ಕೆ ವಿದ್ಯಾರ್ಥಿಯನ್ನು ಕರೆದೊಯ್ಯಬೇಕು ಎಂಬುದು ಅವರ ವಿಚಾರದ ಸಾರ. ಆ ಕ್ಷಣದಲ್ಲಿ ಹತ್ತು ದಾರಿಗಳಿದ್ದವು. ನಟಿಯ ಮುಖ ತೋರಿಸಬಹುದಿತ್ತು, ಬೆನ್ನು ತೋರಿಸಬಹುದಿತ್ತು, ಅವಳನ್ನು ಬಿಟ್ಟು ಕಿಟಕಿಯನ್ನಷ್ಟೇ ತೋರಿಸಬಹುದಿತ್ತು. ಈ ಒಂದನ್ನೇ ಏಕೆ ಆರಿಸಿಕೊಂಡರು?

ನಾನು ಈ ಎರಡನೆಯ ಪಕ್ಷದವನು. ರಕ್ಷಣೆ ಬೇಡವೆಂದಲ್ಲ. ಆಯ್ಕೆಯ ಪ್ರಶ್ನೆಯನ್ನು ಸರಿಯಾಗಿ ಕೇಳಲು ಕಲಿತ ವಿದ್ಯಾರ್ಥಿಗೆ ಎಚ್ಚರ ತಾನಾಗಿಯೇ ಬರುತ್ತದೆ. ಏನನ್ನು ತೋರಿಸಿದರು ಎಂದು ಕೇಳುವವನು ಮರುಗಳಿಗೆಯಲ್ಲೇ ಏನನ್ನು ಚೌಕಟ್ಟಿನ ಹೊರಗೆ ಬಿಟ್ಟರು ಎಂದೂ ಕೇಳುತ್ತಾನೆ. ಕಲೆಯ ದಾರಿಯಲ್ಲಿ ಹೋದರೆ ವಿಮರ್ಶೆಗೆ ತಲುಪಬಹುದು. ಬರೀ ಅನುಮಾನದ ದಾರಿಯಲ್ಲಿ ಹೋದರೆ ಕಲೆಗೆ ತಲುಪುವುದಿಲ್ಲ.

ಹಾಗಾದರೆ ಒಂದು ಪಾಠ ಹೇಗಿರುತ್ತದೆ? ರಷ್ಯಾದ ನಿರ್ದೇಶಕ ಲೆವ್ ಕುಲೆಶೊವ್ ನಡೆಸಿದ ಪ್ರಯೋಗದಿಂದ ಆರಂಭಿಸಬಹುದು. 1919ರಲ್ಲಿ ಮಾಸ್ಕೋದಲ್ಲಿ ಜಗತ್ತಿನ ಮೊದಲ ಸಿನಿಮಾ ಶಾಲೆ ತೆರೆದ ಆಸುಪಾಸಿನ ಮಾತು ಇದು. ನಟ ಇವಾನ್ ಮೊಝುಖಿನ್ ಅವರ ಭಾವರಹಿತ ಮುಖದ ಒಂದೇ ಚಿತ್ರಿಕೆಯನ್ನು (ಶಾಟ್) ಸೂಪಿನ ತಟ್ಟೆ, ಶವಪೆಟ್ಟಿಗೆ, ಒಬ್ಬ ಹೆಣ್ಣು ಇವುಗಳ ಪಕ್ಕದಲ್ಲಿ ಬೇರೆಬೇರೆಯಾಗಿ ಜೋಡಿಸಿ ತೋರಿಸಿದಾಗ, ನೋಡಿದವರು ಅದೇ ಮುಖದಲ್ಲಿ ಹಸಿವು, ದುಃಖ, ಬಯಕೆಗಳನ್ನು ಕಂಡರಂತೆ. ಮೂಲ ಚಿತ್ರಸುರುಳಿ ಉಳಿದಿಲ್ಲ. ಪಕ್ಕದಲ್ಲಿದ್ದ ಚಿತ್ರಗಳು ಯಾವುವು ಎಂಬ ವಿವರ ಒಬ್ಬೊಬ್ಬರ ಬರಹದಲ್ಲಿ ಒಂದೊಂದು ರೀತಿ ಇದೆ. ಅದರಿಂದ ಪಾಠಕ್ಕೇನೂ ಕೊರತೆಯಿಲ್ಲ, ಏಕೆಂದರೆ ಪ್ರಯೋಗವನ್ನು ತರಗತಿಯಲ್ಲೇ ಮತ್ತೆ ಮಾಡಬಹುದು. ಒಬ್ಬ ಸಹಪಾಠಿಯ ನಿರ್ಭಾವದ ಮುಖವನ್ನು ಮೊಬೈಲಿನಲ್ಲಿ ಕೆಲವು ಸೆಕೆಂಡು ಚಿತ್ರೀಕರಿಸಿ, ಅದರ ಮುಂದೆ ಬೇರೆ ಬೇರೆ ಚಿತ್ರಿಕೆಗಳನ್ನು ಇಟ್ಟು, ಪಕ್ಕದ ತರಗತಿಯವರಿಗೆ ತೋರಿಸಿ ಅವರಿಗೆ ಏನನಿಸಿತು ಎಂದು ಬರೆಸಿಕೊಳ್ಳಬೇಕು. ಕೆಲವೊಮ್ಮೆ ಪರಿಣಾಮ ಕಾಣುವುದೇ ಇಲ್ಲ. ಆಗ ಪಾಠ ಇನ್ನೂ ಚೆನ್ನಾಗುತ್ತದೆ: ಬೆಳಕು ಹೊಂದಲಿಲ್ಲವೇ, ಅವನ ದೃಷ್ಟಿ ಎತ್ತಲಿತ್ತು, ಚಿತ್ರಿಕೆ ಎಷ್ಟು ಹೊತ್ತು ನಿಂತಿತು? ಎರಡು ಚಿತ್ರಿಕೆಗಳ ನಡುವಿನ ಅರ್ಥ ತೆರೆಯ ಮೇಲಿರುವುದಿಲ್ಲ, ನೋಡುವವರ ತಲೆಯಲ್ಲಿ ಹುಟ್ಟುತ್ತದೆ ಎಂಬ ಮಾತನ್ನು ಪುಸ್ತಕದಲ್ಲಿ ಓದುವುದು ಬೇರೆ, ತಾನೇ ಜೋಡಿಸಿ ಕಾಣುವುದು ಬೇರೆ.

ಇದಕ್ಕಿಂತಲೂ ನನಗೆ ಮುಖ್ಯವೆನಿಸುವ ಇನ್ನೊಂದು ಅಭ್ಯಾಸವಿದೆ. 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ ಲುಮಿಯೇರ್ ಸಹೋದರರು ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಹತ್ತು ಚಿತ್ರಗಳನ್ನು ತೋರಿಸಿದರು. ಪ್ರತಿಯೊಂದೂ ಒಂದು ನಿಮಿಷಕ್ಕಿಂತ ಕಡಿಮೆ ಅವಧಿಯದು, ಏಕೆಂದರೆ ಅವರ ಯಂತ್ರದಲ್ಲಿ ಹಿಡಿಯುತ್ತಿದ್ದ ಸುರುಳಿಯೇ ಅಷ್ಟು. ಕ್ಯಾಮೆರಾ ಒಂದೇ ಕಡೆ ನಿಂತಿರುತ್ತಿತ್ತು, ನಡುವೆ ಕತ್ತರಿಯಿಲ್ಲ, ಶಬ್ದವಿಲ್ಲ. ಸಿನಿಮಾದ ಶತಮಾನೋತ್ಸವದ ವರ್ಷ 1995ರಲ್ಲಿ ಫ್ರಾನ್ಸಿನ ಸಿನಿಮಾ ಸಂಗ್ರಹಾಲಯವಾದ ಸಿನೆಮಾಟೆಕ್ ಫ್ರಾನ್ಸೇಜ್ ಶಾಲಾ ಮಕ್ಕಳಿಗಾಗಿ ಒಂದು ಕಾರ್ಯಕ್ರಮ ಆರಂಭಿಸಿತು. ಮುಂದೆ ಅದು ಹಲವು ದೇಶಗಳ ಶಾಲೆಗಳಿಗೆ ಹರಡಿತು. ವರ್ಷಕ್ಕೊಂದು ಪ್ರಶ್ನೆ, ಉದಾಹರಣೆಗೆ ಸಿನಿಮಾದಲ್ಲಿ ಹವಾಮಾನ ಅಥವಾ ಆಟ. ಎಲ್ಲ ಶಾಲೆಗಳೂ ಅದನ್ನೇ ಹಿಡಿದು ಚಿತ್ರಗಳ ತುಣುಕುಗಳನ್ನು ನೋಡುತ್ತವೆ, ಅಭ್ಯಾಸಗಳನ್ನು ಮಾಡುತ್ತವೆ, ಕೊನೆಗೆ ತಮ್ಮದೊಂದು ಕಿರುಚಿತ್ರ ತಯಾರಿಸುತ್ತವೆ. ಆ ಬಳಗದಲ್ಲಿ ರೂಢಿಗೆ ಬಂದದ್ದು ‘ಲುಮಿಯೇರ್ ನಿಮಿಷ’. ವಿದ್ಯಾರ್ಥಿ ಒಂದು ಜಾಗ ಆರಿಸಿಕೊಳ್ಳಬೇಕು, ಕ್ಯಾಮೆರಾವನ್ನು ನೆಲೆಯಾಗಿ ನಿಲ್ಲಿಸಬೇಕು, ಸುಮಾರು ಒಂದು ನಿಮಿಷದ ಒಂದೇ ಚಿತ್ರಿಕೆ ತೆಗೆಯಬೇಕು. ಜೂಮ್ ಇಲ್ಲ, ಕ್ಯಾಮೆರಾ ತಿರುಗಿಸುವಂತಿಲ್ಲ, ಸಂಕಲನವಿಲ್ಲ.

ಕೇಳಲು ಇದು ಏನೂ ಅಲ್ಲ ಎನಿಸಬಹುದು. ಮಾಡಲು ಹೊರಟಾಗ ಮಾತ್ರ ಸಿನಿಮಾದ ಮೂಲ ಪ್ರಶ್ನೆಗಳೆಲ್ಲ ಒಟ್ಟಿಗೆ ಎದುರು ಬರುತ್ತವೆ. ಎಲ್ಲಿ ನಿಲ್ಲಬೇಕು? ಎಷ್ಟು ದೂರ? ಗುಂಡಿ ಒತ್ತುವುದು ಯಾವ ಗಳಿಗೆಯಲ್ಲಿ? ಚೌಕಟ್ಟಿನ ಎಡಗಡೆಯಿಂದ ಯಾರೋ ಬರುವ ಸೂಚನೆಯಿದೆ, ಅವರಿಗಾಗಿ ಕಾಯಬೇಕೇ? ಬಂದವರು ಅರ್ಧದಲ್ಲೇ ಹೊರಟುಹೋದರೆ ಉಳಿದ ಮೂವತ್ತು ಸೆಕೆಂಡು ಖಾಲಿ ಜಾಗವನ್ನು ನೋಡಲು ಧೈರ್ಯವಿದೆಯೇ? ದಿನವಿಡೀ ಹೆಬ್ಬೆರಳಿನಿಂದ ವಿಡಿಯೊ ಸರಿಸುತ್ತ ಕೂರುವ ಹದಿನಾಲ್ಕರ ಹುಡುಗ ಒಂದು ನಿಮಿಷ ಒಂದೇ ಜಾಗವನ್ನು ನೋಡುತ್ತ ನಿಲ್ಲುವುದು ಗಮನದ ಕುರಿತ ಯಾವ ಉಪದೇಶಕ್ಕಿಂತಲೂ ದೊಡ್ಡ ಕಲಿಕೆ. ಮೊಬೈಲನ್ನು ಕಿತ್ತುಕೊಳ್ಳದೆ, ಅದೇ ಮೊಬೈಲಿನಿಂದ ಇದು ಸಾಧ್ಯವಾಗುತ್ತದೆ ಎಂಬುದನ್ನು ಪೋಷಕರೂ ಗಮನಿಸಬೇಕು. ಮೂವತ್ತು ಮಕ್ಕಳ ಮೂವತ್ತು ನಿಮಿಷಗಳನ್ನು ಒಟ್ಟಿಗೆ ಕೂತು ನೋಡಿದಾಗ, ಒಂದೇ ಆಟದ ಮೈದಾನ ಮೂವತ್ತು ಬೇರೆ ಬೇರೆ ಜಾಗಗಳಾಗಿ ಕಾಣುತ್ತದೆ. ದೃಷ್ಟಿಕೋನ ಎಂಬುದಕ್ಕೆ ಆಮೇಲೆ ವಿವರಣೆ ಬೇಕಾಗುವುದಿಲ್ಲ.

ಶಬ್ದದ ಪಾಠವೂ ಹೀಗೇ ಸರಳ. ಫ್ರಾನ್ಸಿನ ಸಂಗೀತಗಾರ, ಸಿದ್ಧಾಂತಿ ಮಿಶೆಲ್ ಶಿಯೊನ್ ಸೂಚಿಸಿದ ಒಂದು ವಿಧಾನವಿದೆ. ಒಂದೇ ದೃಶ್ಯವನ್ನು ಶಬ್ದವಿಲ್ಲದೆ ನೋಡಬೇಕು, ಚಿತ್ರವಿಲ್ಲದೆ ಕೇಳಬೇಕು, ಎರಡನ್ನೂ ಕೂಡಿಸಿ ನೋಡಬೇಕು. ಭಯ ಹುಟ್ಟಿಸಿದ್ದು ಕತ್ತಲೆಯಲ್ಲ, ದೂರದಲ್ಲಿ ತೊಟ್ಟಿಕ್ಕುತ್ತಿದ್ದ ನೀರು ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಹಿನ್ನೆಲೆ ಸಂಗೀತ ಬಂದ ಕೂಡಲೇ ಕಣ್ಣು ತುಂಬಿಕೊಂಡ ದೃಶ್ಯ, ಸಂಗೀತ ತೆಗೆದರೆ ಸಪ್ಪೆಯಾಗುವುದನ್ನೂ ಕಾಣುತ್ತಾರೆ. ಸುದ್ದಿ ವಿಡಿಯೊಗಳಿಗೆ ಕರುಣಾಜನಕ ಸಂಗೀತ ಸೇರಿಸುವ ಈ ಕಾಲದಲ್ಲಿ ಈ ತಿಳಿವಳಿಕೆಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಷ್ಟದ ಮಾತಿಗೆ ಬರೋಣ: ಪರೀಕ್ಷೆ. ಯಾವ ವಿಷಯವೂ ಶಾಲೆಯೊಳಗೆ ಕಾಲಿಟ್ಟ ಕೂಡಲೇ ಅಂಕಗಳ ಅಚ್ಚಿಗೆ ಒಗ್ಗಿಕೊಳ್ಳತೊಡಗುತ್ತದೆ. ಸಿನಿಮಾದ ವಿಷಯದಲ್ಲಿ ಅದು ಪರಿಭಾಷೆಯ ಪಟ್ಟಿಯಾಗಿ ಪ್ರಕಟವಾಗುತ್ತದೆ. ಕೆಳಗಿನಿಂದ ಮೇಲಕ್ಕೆ ತೆಗೆದ ಚಿತ್ರಿಕೆ ಅಂದರೆ ಅಧಿಕಾರ, ಮೇಲಿನಿಂದ ತೆಗೆದದ್ದು ಅಂದರೆ ಅಸಹಾಯಕತೆ, ಕೆಂಪು ಅಂದರೆ ಅಪಾಯ, ಕ್ಲೋಸಪ್ ಅಂದರೆ ಭಾವನೆ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷಕರು ಸರಿ ಗುರುತು ಹಾಕುತ್ತಾರೆ. ಇದು ಬರೀ ಅಪೂರ್ಣ ಪಾಠವಲ್ಲ, ತಪ್ಪು ಪಾಠ. ಕೆಳಗಿನಿಂದ ತೆಗೆದ ಚಿತ್ರಿಕೆಯಲ್ಲಿ ಮನುಷ್ಯನ ತಲೆಯ ಮೇಲೆ ಚಾವಣಿ ಕುಸಿಯುವಂತೆ ಕಾಣಿಸಿ ಅವನು ಸೋತವನಂತೆ ತೋರಬಹುದು. ನೆಲದ ಮೇಲೆ ಕೂತ ಮಗು ತಾಯಿಯನ್ನು ನೋಡುವ ಚಿತ್ರಿಕೆಯೂ ಕೆಳಗಿನಿಂದಲೇ ಇರುತ್ತದೆ. ಅಲ್ಲಿರುವುದು ಅಧಿಕಾರವಲ್ಲ, ನೆಚ್ಚಿಕೆ. ಯಾವ ಕೋನಕ್ಕೂ ಹುಟ್ಟಿನಿಂದ ಬಂದ ಅರ್ಥವಿಲ್ಲ. ಅದರ ಹಿಂದಿನ ಚಿತ್ರಿಕೆ, ಮುಂದಿನ ಚಿತ್ರಿಕೆ, ಇಡೀ ಚಿತ್ರದಲ್ಲಿ ಅದು ಎಷ್ಟು ಸಲ ಬಂದಿದೆ ಎಂಬುದೇ ಅರ್ಥ ಕೊಡುತ್ತದೆ. ಅಲಂಕಾರಗಳ ಲಕ್ಷಣ ಬಾಯಿಪಾಠ ಮಾಡಿಸಿ ಕಾವ್ಯದ ಸವಿಯನ್ನೇ ಕಳೆದ ನಮ್ಮ ಭಾಷಾ ತರಗತಿಗಳ ಅನುಭವ ಇಲ್ಲಿ ಮರುಕಳಿಸಬಾರದು.

ಪರೀಕ್ಷೆಯ ಸ್ವರೂಪ ಬದಲಾದರೆ ಪಾಠವೂ ಬದಲಾಗುತ್ತದೆ ಎಂಬುದಕ್ಕೆ ಇರುವ ಪಠ್ಯಕ್ರಮಗಳೇ ಸಾಕ್ಷಿ. ಇಂಗ್ಲೆಂಡಿನ ಜಿಸಿಎಸ್‌ಇ ಸಿನಿಮಾ ಅಧ್ಯಯನದಲ್ಲಿ 70 ಶೇಕಡ ಅಂಕ ಲಿಖಿತ ಪರೀಕ್ಷೆಗೆ, 30 ಶೇಕಡ ಸ್ವಂತ ತಯಾರಿಕೆಗೆ. ತಯಾರಿಕೆಯಲ್ಲಿ ವಿದ್ಯಾರ್ಥಿ ಚಿತ್ರದ ಒಂದು ಭಾಗವನ್ನು ಚಿತ್ರೀಕರಿಸಬಹುದು ಅಥವಾ ಚಿತ್ರಕಥೆಯ ಒಂದು ಭಾಗವನ್ನು ಬರೆಯಬಹುದು. ಜೊತೆಗೆ ತನ್ನ ಕೆಲಸದ ವಿಶ್ಲೇಷಣೆಯನ್ನೂ ಕೊಡಬೇಕು. ಬ್ಯಾಕಲೋರಿಯಟ್ ಡಿಪ್ಲೊಮಾದ ಸಿನಿಮಾ ವಿಷಯದಲ್ಲಿ ಮೂರು ಗಂಟೆ ಕೂತು ಬರೆಯುವ ಪರೀಕ್ಷೆಯೇ ಇಲ್ಲ. ಗರಿಷ್ಠ ಐದು ನಿಮಿಷದ ಒಂದು ತುಣುಕಿನ ಆಳವಾದ ವಿಶ್ಲೇಷಣೆ, ತೌಲನಿಕ ಅಧ್ಯಯನ, ಬೇರೆ ಬೇರೆ ಜವಾಬ್ದಾರಿಗಳಲ್ಲಿ ಮಾಡಿದ ಕೆಲಸಗಳ ಸಂಪುಟ, ಉನ್ನತ ಹಂತದವರಿಗೆ ಇವುಗಳ ಜೊತೆಗೆ ಗುಂಪಿನಲ್ಲಿ ಮಾಡುವ ಕಿರುಚಿತ್ರ. ಐದು ನಿಮಿಷದ ಮಿತಿ ನನಗೆ ಬಹಳ ಹಿಡಿಸಿದೆ. ಎರಡು ಗಂಟೆಯ ಚಿತ್ರದ ಬಗ್ಗೆ ಬರೆ ಎಂದರೆ ಮಕ್ಕಳು ಕಥೆ ಬರೆಯುತ್ತಾರೆ. ಐದು ನಿಮಿಷದ ಬಗ್ಗೆ ಬರೆ ಎಂದರೆ ನೋಡಲೇಬೇಕಾಗುತ್ತದೆ.

ಗುಂಪು ಕೆಲಸದ ಅಂಕ ಮಾತ್ರ ಎಲ್ಲೆಡೆಯೂ ತಲೆನೋವು. ಸಿನಿಮಾ ಒಬ್ಬರಿಂದ ಆಗುವ ಕೆಲಸವಲ್ಲ, ಅಂಕಪಟ್ಟಿ ಮಾತ್ರ ಒಬ್ಬರಿಗೇ ಸೇರಿದ್ದು. ಗುಂಪಿನಲ್ಲಿ ಗಟ್ಟಿ ದನಿಯ ಹುಡುಗ ನಿರ್ದೇಶಕನಾಗುತ್ತಾನೆ, ಒಳ್ಳೆಯ ಮೊಬೈಲ್ ಇರುವವನು ಛಾಯಾಗ್ರಾಹಕನಾಗುತ್ತಾನೆ, ಹುಡುಗಿಯರು ನಟನೆಗೂ ವೇಷಭೂಷಣಕ್ಕೂ ಸೀಮಿತರಾಗುತ್ತಾರೆ. ಚಿತ್ರೋದ್ಯಮದಲ್ಲಿ ಇರುವ ಅಸಮಾನತೆಯನ್ನು ತರಗತಿ ಅರಿವಿಲ್ಲದೆಯೇ ನಕಲು ಮಾಡುತ್ತದೆ. ಪ್ರತಿ ಅಭ್ಯಾಸಕ್ಕೂ ಜವಾಬ್ದಾರಿಗಳು ಕಡ್ಡಾಯವಾಗಿ ಬದಲಾಗಬೇಕು, ಎಲ್ಲ ಗುಂಪುಗಳಿಗೂ ಒಂದೇ ಗುಣಮಟ್ಟದ ಉಪಕರಣ ಸಿಗಬೇಕು, ಅಂಕ ಕೊಡುವಾಗ ಸಿದ್ಧ ಚಿತ್ರದ ಹೊಳಪಿಗಿಂತ ವಿದ್ಯಾರ್ಥಿ ಬರೆದಿಟ್ಟ ನಿರ್ಧಾರಗಳ ದಾಖಲೆಗೆ ತೂಕವಿರಬೇಕು. ಯಾವ ಚಿತ್ರಿಕೆಯನ್ನು ಕೈಬಿಟ್ಟೆ, ಏಕೆ ಕೈಬಿಟ್ಟೆ ಎಂಬ ಒಂದು ಪುಟ, ಡ್ರೋನಿನಿಂದ ತೆಗೆದ ಹತ್ತು ಚಿತ್ರಿಕೆಗಳಿಗಿಂತ ಹೆಚ್ಚು ಹೇಳುತ್ತದೆ.

ಯಂತ್ರವೇ ವಿಡಿಯೊ ತಯಾರಿಸುವ ಕಾಲಕ್ಕೂ ಇದೇ ದಾಖಲೆ ಉತ್ತರ. ಸಿದ್ಧ ಚಿತ್ರಕ್ಕೆ ಮಾತ್ರ ಅಂಕ ಕೊಡುವ ಪದ್ಧತಿ ಇನ್ನು ಬಹಳ ದಿನ ಬಾಳುವುದಿಲ್ಲ. ಆದರೆ ತರಗತಿಯಲ್ಲಿ ಎದುರಿಗೆ ಕೂತು, ‘ಈ ಕಟ್ ಅನ್ನು ಒಂದು ಸೆಕೆಂಡ್ ಮುಂಚೆ ಮಾಡಿದ್ದರೆ ಏನಾಗುತ್ತಿತ್ತು’ ಎಂದು ಕೇಳಿದರೆ, ತಾನೇ ಕೂಡಿಸಿ ಕತ್ತರಿಸಿದವಳಿಗೆ ಹೇಳಲು ಮಾತಿರುತ್ತದೆ. ಕೃತಕ ವಿಡಿಯೊಗಳನ್ನು ಗುರುತಿಸುವ ಚಿಹ್ನೆಗಳನ್ನು ಪಾಠವಾಗಿ ಕಲಿಸಬೇಕೆಂಬ ಒತ್ತಾಯವೂ ಇದೆ. ಬೆರಳುಗಳನ್ನು ಎಣಿಸು, ನೆರಳನ್ನು ನೋಡು ಎಂಬ ಸೂತ್ರಗಳು ತಂತ್ರಜ್ಞಾನ ಸುಧಾರಿಸಿದಂತೆ ಹಳತಾಗುತ್ತ ಹೋಗುತ್ತವೆ. ಇದನ್ನು ಯಾರು, ಎಲ್ಲಿ ನಿಂತು, ಯಾವುದಕ್ಕಾಗಿ ತೆಗೆದರು, ಇದರ ಹಿಂದೆ ಮುಂದೆ ಏನಿತ್ತು ಎಂಬ ಪ್ರಶ್ನೆಗಳು ಹಳತಾಗುವುದಿಲ್ಲ.

ಯಾವ ಚಿತ್ರಗಳನ್ನು ತೋರಿಸಬೇಕು ಎಂಬ ಜಗಳಕ್ಕೆ ಕೊನೆಯಿಲ್ಲ. ಮಕ್ಕಳಿಗೆ ಇಷ್ಟವಾದದ್ದನ್ನೇ ತೋರಿಸಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ಅವರು ಹೇಗೂ ನೋಡುತ್ತಾರೆ. ಶಾಲೆ ತೋರಿಸದಿದ್ದರೆ ಬದುಕಿನಲ್ಲಿ ಎಂದೂ ಎದುರಾಗದಂಥ ಚಿತ್ರಗಳಿಗೆ ಅಲ್ಲಿ ಜಾಗವಿರಬೇಕು: ಮೂಕಿಚಿತ್ರ, ಕಪ್ಪುಬಿಳುಪಿನ ಚಿತ್ರ, ತಿಳಿಯದ ಭಾಷೆಯ ಚಿತ್ರ, ನಿಧಾನವಾಗಿ ಸಾಗುವ ಸಾಕ್ಷ್ಯಚಿತ್ರ. ಇಂಗ್ಲೆಂಡಿನ ಜಿಸಿಎಸ್‌ಇಯಲ್ಲಿ ಇಂಗ್ಲಿಷೇತರ ಭಾಷೆಯ ಒಂದು ಚಿತ್ರ ಕಡ್ಡಾಯ ಎಂಬ ನಿಯಮ ಚಿಕ್ಕದೆನಿಸಿದರೂ ಅದರ ಪರಿಣಾಮ ದೊಡ್ಡದು. ಉಪಶೀರ್ಷಿಕೆ ಓದುತ್ತ ಚಿತ್ರ ನೋಡುವ ಅಭ್ಯಾಸ ಹದಿನೈದರಲ್ಲಿ ಆದವರಿಗೆ ಮುಂದೆ ಇಡೀ ಜಗತ್ತಿನ ಸಿನಿಮಾ ತೆರೆದುಕೊಳ್ಳುತ್ತದೆ. ಹಾಗೆಂದು ಮಕ್ಕಳ ಇಷ್ಟದ ಚಿತ್ರಗಳನ್ನು ಹಗುರವಾಗಿ ಕಾಣುವ ಶಿಕ್ಷಕರು ಈ ಕೆಲಸಕ್ಕೆ ತಕ್ಕವರಲ್ಲ. ಹೊಡೆದಾಟದ ದೃಶ್ಯವೊಂದರ ಸಂಕಲನ ಎಷ್ಟು ಚುರುಕಾಗಿದೆ ಎಂದು ಮನಸಾರೆ ಮೆಚ್ಚಬಲ್ಲ ಶಿಕ್ಷಕಿಯ ಮಾತನ್ನು ನಂಬಿ ಮಕ್ಕಳು ಮೂಕಿಚಿತ್ರವನ್ನೂ ನೋಡುತ್ತಾರೆ.

ಸಮಯವೆಲ್ಲಿದೆ ಎಂಬ ಆಕ್ಷೇಪ ನಿಜವಾದದ್ದು. ಎರಡು ಗಂಟೆಯ ಚಿತ್ರವನ್ನು ನಲವತ್ತೈದು ನಿಮಿಷದ ಅವಧಿಗಳಾಗಿ ಕತ್ತರಿಸಿ ತೋರಿಸುವುದು ಚಿತ್ರಕ್ಕೂ ನೋಡುವವರಿಗೂ ಅನ್ಯಾಯ. ವರ್ಷಕ್ಕೆ ಮೂರೋ ನಾಲ್ಕೋ ಚಿತ್ರಗಳನ್ನು ಇಡಿಯಾಗಿ, ಸಾಧ್ಯವಾದರೆ ಕತ್ತಲ ಕೋಣೆಯಲ್ಲಿ ದೊಡ್ಡ ತೆರೆಯ ಮೇಲೆ ತೋರಿಸಿ, ಉಳಿದ ದಿನಗಳಲ್ಲಿ ತುಣುಕುಗಳ ಮೇಲೆ ಕೆಲಸ ಮಾಡುವುದೇ ಸರಿ. ವಯಸ್ಸಿಗೆ ತಕ್ಕ ಪ್ರಮಾಣಪತ್ರ, ಕೃತಿಸ್ವಾಮ್ಯದ ನಿಯಮ, ಚಿತ್ರೀಕರಣಕ್ಕೆ ಸಹಪಾಠಿಗಳ ಮತ್ತು ಪೋಷಕರ ಒಪ್ಪಿಗೆ, ಮಕ್ಕಳು ತೆಗೆದದ್ದು ಜಾಲತಾಣಗಳಿಗೆ ಸೋರಿಹೋಗದಂತೆ ಎಚ್ಚರ, ಇವೆಲ್ಲವನ್ನೂ ಶಾಲೆ ಮೊದಲೇ ಲಿಖಿತವಾಗಿ ಗೊತ್ತುಮಾಡಿಕೊಳ್ಳಬೇಕು.

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಕಲಿಸುವವರ ಬಳಿ. ಇರುವ ಕಡೆಗಳಲ್ಲೂ ಸಿನಿಮಾ ಪಾಠ ಮಾಡುವವರಲ್ಲಿ ಅನೇಕರು ಭಾಷೆಯನ್ನೋ ನಾಟಕವನ್ನೋ ಕಲಿಸಲು ತರಬೇತಾದವರು. ಅವರಿಗೆ ಸಿನಿಮಾದ ಪದವಿ ಇರಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಒಮ್ಮೆಯಾದರೂ ತಾವೇ ಒಂದು ಕಿರುಚಿತ್ರ ತೆಗೆದಿರಬೇಕು, ಸಂಕಲನದ ತೆರೆಯೆದುರು ಕೂತು ಪ್ರೀತಿಯಿಂದ ತೆಗೆದ ಚಿತ್ರಿಕೆಯನ್ನು ಕೈಯಾರೆ ತೆಗೆದುಹಾಕಿರಬೇಕು. ಶಿಕ್ಷಕರ ತರಬೇತಿಯಲ್ಲಿ ಸಿದ್ಧಾಂತದ ಉಪನ್ಯಾಸಗಳಿಗಿಂತ ಮೊದಲು ಇದಕ್ಕೆ ಜಾಗ ಕೊಡಬೇಕು. ಹೊಸ ವಿಷಯವನ್ನು ವೇಳಾಪಟ್ಟಿಗೆ ಸೇರಿಸಲು ಇಲಾಖೆಗಳು ವರ್ಷಗಟ್ಟಲೆ ತೆಗೆದುಕೊಂಡರೂ, ಈಗಾಗಲೇ ತರಗತಿಗಳಲ್ಲಿ ಚಿತ್ರ ತೋರಿಸುತ್ತಿರುವ ಇತಿಹಾಸದ, ಭಾಷೆಯ, ವಿಜ್ಞಾನದ ಶಿಕ್ಷಕರು ಅದಕ್ಕಾಗಿ ಕಾಯಬೇಕಾಗಿಲ್ಲ. ಮುಂದಿನ ಸಲ ಚಿತ್ರ ಹಾಕಿದಾಗ ಒಂದು ದೃಶ್ಯವನ್ನು ಎರಡನೆಯ ಬಾರಿ, ಶಬ್ದ ತೆಗೆದು ತೋರಿಸಿ, ಕ್ಯಾಮೆರಾ ಎಲ್ಲಿ ನಿಂತಿದೆ ಎಂದು ಕೇಳಲು ಅವರಿಗೆ ಹತ್ತು ನಿಮಿಷ ಸಾಕು.